ಎಸೆಯುವ ಕ್ಯಾಪ್ಸೂಲಿನಲ್ಲಿ ನಮ್ಮ ತೋಟದ ಕಾಫಿ

ಕಾಫಿ ಮೆಷಿನ್‌ಗೆ ಹಾಕುವ, ಒಂದು ಕಪ್ಪಿಗಾಗುವಷ್ಟು ಪುಡಿ ತುಂಬಿದ ಕ್ಯಾಪ್ಸೂಲನ್ನು ಬಳಸಿದ ಮೇಲೆ ತೊಳೆದು ಮತ್ತೆ ತುಂಬಬಹುದೇ ಎಂದು ಹೋಂಸ್ಟೇ ನಡೆಸುವ ನಾಲ್ಕೈದು ಮಂದಿ ಈ ಸೀಸನ್‌ನಲ್ಲಿ ನನ್ನನ್ನು ಕೇಳಿದರು. ತುಂಬಬಹುದು. ಮೂರು ಸಲ ತುಂಬಬಹುದು, ನಾಲ್ಕನೆಯ ಸಲಕ್ಕೆ ಆಸೆಪಡಬಾರದು. ಎರಡು ವರ್ಷಗಳ ಹಿಂದೆ ನಾನು ಇದೇ ಪ್ರಶ್ನೆ ಕೇಳಿದಾಗ ಆಗುವುದಿಲ್ಲ ಎಂದವರೇ ಈಗ ಕೇಳುತ್ತಿರುವುದರಿಂದ, ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ನಾನು ಹೇಳುವುದು ಹಳೆಯ ಮಾದರಿಯ ಸಣ್ಣ ಅಲ್ಯೂಮಿನಿಯಂ ಕ್ಯಾಪ್ಸೂಲ್ ಬಗ್ಗೆ ಮಾತ್ರ. ಬಾರ್‌ಕೋಡ್ ಇರುವ ದೊಡ್ಡದನ್ನು ನಾನು ಮುಟ್ಟಿಲ್ಲ.

ನಮ್ಮದು ಕೊಡಗಿನ ಕಕ್ಕಬ್ಬೆಯ ಕಡೆ ಮೂರು ಕೋಣೆಗಳ ಹೋಂಸ್ಟೇ. ತಡಿಯಂಡಮೋಳ್ ಬೆಟ್ಟ ಹತ್ತಲು ಬರುವವರೇ ಹೆಚ್ಚು. ಬೆಳಿಗ್ಗೆ ಐದೂವರೆಗೆ ಎದ್ದು, ಆರು ಗಂಟೆಗೆ ಹೊರಡುವ ಅವಸರದಲ್ಲಿ ಎಲ್ಲರಿಗೂ ಒಟ್ಟಿಗೆ ಕಾಫಿ ಬೇಕು. ಬೆಂಗಳೂರಿನಲ್ಲಿರುವ ನನ್ನ ಮೈದುನ ಹೊಸ ಮೆಷಿನ್ ಕೊಂಡಾಗ ಹಳೆಯದನ್ನು ನಮ್ಮಲ್ಲಿ ಬಿಟ್ಟುಹೋದ. ಜೊತೆಗೆ ಕೊಟ್ಟ ಕ್ಯಾಪ್ಸೂಲ್‌ಗಳು ಎರಡು ವಾರಾಂತ್ಯಗಳಲ್ಲಿ ಮುಗಿದವು. ಮುಂದೆ ನೂರು ತರಿಸಿದಾಗ ಸುಮಾರು ಐದು ಸಾವಿರ ರೂಪಾಯಿ ಆಯಿತು. ಒಂದಕ್ಕೆ ಐವತ್ತು. ಒಳಗಿರುವುದು ಐದು ಗ್ರಾಂ ಚಿಲ್ಲರೆ ಪುಡಿ. ನಮ್ಮ ಕಣದಲ್ಲಿ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ, ತಿರುಳು ತೆಗೆದು ತೊಳೆದ ಕಾಫಿ ಬೀಜ) ಒಣಗುತ್ತಿರುವಾಗ ಅದೇ ಅಂಗಳದಲ್ಲಿ ಕುಳಿತ ಅತಿಥಿಗೆ ಎಲ್ಲಿಂದಲೋ ಬಂದ ಕಾಫಿಯನ್ನು ಐವತ್ತು ರೂಪಾಯಿ ಕೊಟ್ಟು ಕುಡಿಸುವುದು ನನ್ನಿಂದ ಸಹಿಸಲಾಗಲಿಲ್ಲ. ದುಡ್ಡಿಗಿಂತ ಇದೇ ನನ್ನನ್ನು ಹೆಚ್ಚು ಕಾಡಿದ್ದು.

ಬಳಸಿದ ಕ್ಯಾಪ್ಸೂಲ್‌ಗಳನ್ನು ತೊಳೆದು ನಮ್ಮದೇ ಪುಡಿ ತುಂಬಲು ನಾನು ಹೊರಟದ್ದನ್ನು ಭಾವ ನೋಡಿದರು. "ಎಸೆಯಲಿಕ್ಕೆಂದೇ ಮಾಡಿದ್ದನ್ನು ತೊಳೆದಿಟ್ಟುಕೊಂಡರೆ ಮನೆಯಲ್ಲಿ ಕಸ ಸೇರುತ್ತದೆ ಅಷ್ಟೇ, ನೋಡಮ್ಮ" ಎಂದರು. ಅತ್ತೆಯವರದು ಬೇರೆಯೇ ವಾದ. ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಸಿ ಕೊಟ್ಟರೆ ಬೇಡ ಎನ್ನುವವರು ಯಾರು ಎಂದು ಅವರು ಕೇಳಿದರು. ಅವರ ಮಾತು ಸರಿ, ಈಗಲೂ ಎಂಟು ಗಂಟೆಯ ತಿಂಡಿಗೆ ನಮ್ಮಲ್ಲಿ ಫಿಲ್ಟರ್ ಕಾಫಿಯೇ. ಆದರೆ ಬೆಳಗಿನ ಜಾವಕ್ಕೆ ಎದ್ದು ತಾನೇ ಗುಂಡಿ ಒತ್ತಿ ಸಣ್ಣ ಕಪ್ಪಿನಲ್ಲಿ ಗಟ್ಟಿ ಕಾಫಿ ಕುಡಿಯಬೇಕೆನ್ನುವ ಅತಿಥಿಗಳು ಹೆಚ್ಚುತ್ತಿದ್ದಾರೆ.

ಮೊದಲ ತಪ್ಪು ತೊಳೆಯುವುದರಲ್ಲೇ ಆಯಿತು. ಚರಟ ತೆಗೆದ ನಲವತ್ತು ಕ್ಯಾಪ್ಸೂಲ್‌ಗಳನ್ನು ಬಿಸಿನೀರಿಗೆ ಹಾಕಿ, ಎಣ್ಣೆಯಂಶ ಹೋಗಲೆಂದು ಬಟ್ಟೆ ಸೋಡಾ ಬೆರೆಸಿದೆ. ಐದು ನಿಮಿಷಕ್ಕೆ ಗುಳ್ಳೆ ಏಳತೊಡಗಿತು. ಹೊರಗೆ ತೆಗೆದಾಗ ಎಲ್ಲವೂ ಕಪ್ಪಾಗಿ, ಒಳಗಿನ ತೆಳುವಾದ ಲೇಪ ಸಿಪ್ಪೆಯಂತೆ ಏಳುತ್ತಿತ್ತು. ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ಹಾಕಬಾರದೆಂದು ಗೊತ್ತಿದ್ದವಳು ನಾನು, ಕ್ಯಾಪ್ಸೂಲ್ ಕೂಡ ಅದೇ ಲೋಹ ಎಂಬುದು ಆ ಹೊತ್ತಿಗೆ ತಲೆಗೆ ಹೊಳೆಯಲಿಲ್ಲ. ನಲವತ್ತನ್ನೂ ಎಸೆದೆ. ಹುಣಸೆಹಣ್ಣಿನ ನೀರೂ ಬೇಡ, ಹುಳಿಯೂ ಅದನ್ನು ತಿನ್ನುತ್ತದೆ. ಈಗ ಬರೀ ಬಿಸಿನೀರು ಮತ್ತು ಮಕ್ಕಳ ಹಲ್ಲುಜ್ಜುವ ಮೆತ್ತನೆಯ ಹೊಸ ಬ್ರಷ್. ಬಳಸಿದ ದಿನವೇ ತೊಳೆದರೆ ಇಷ್ಟು ಸಾಕು. ಒಂದು ರಾತ್ರಿ ಬಿಟ್ಟರೆ ಚರಟ ಗಟ್ಟಿಯಾಗಿ ಕೂರುತ್ತದೆ, ಎರಡು ರಾತ್ರಿ ಬಿಟ್ಟರೆ ಮಳೆಗಾಲದಲ್ಲಿ ಬೂಷ್ಟು. ಬೂಷ್ಟು ಬಂದದ್ದನ್ನು ತೊಳೆಯಲು ಹೋಗದೆ ನೇರವಾಗಿ ಗುಜರಿ ಡಬ್ಬಿಗೆ ಹಾಕುತ್ತೇನೆ.

ಎಲ್ಲರೂ ತೊಳೆಯುವುದೇ ಕಷ್ಟ ಎಂದುಕೊಳ್ಳುತ್ತಾರೆ. ಕಷ್ಟ ಇರುವುದು ಅಂಚಿನಲ್ಲಿ. ಇದು ಅರ್ಥವಾಗಲು ನನಗೆ ಹೆಚ್ಚುಕಡಿಮೆ ಐದು ತಿಂಗಳು ಬೇಕಾಯಿತು. ಮೆಷಿನ್ ಕ್ಯಾಪ್ಸೂಲಿನ ಅಂಚನ್ನೇ ಕಚ್ಚಿ ಹಿಡಿಯುತ್ತದೆ. ಆ ಅಂಚು ಕೂದಲೆಳೆಯಷ್ಟು ಬಾಗಿದ್ದರೂ ನೀರು ಪುಡಿಯೊಳಗೆ ಹೋಗದೆ ಬದಿಯಿಂದ ಜಾರಿ ಕೆಳಗಿನ ತಟ್ಟೆಗೆ ಬೀಳುತ್ತದೆ. ಕಪ್ಪಿಗೆ ಬರುವುದು ಚಹಾದ ಬಣ್ಣದ ನೀರು. ನಾನು ಪುಡಿಯನ್ನು ಬೈದೆ, ಮುಚ್ಚಳವನ್ನು ಬೈದೆ, ಮೆಷಿನ್ ಹಳೆಯದಾಯಿತೆಂದು ರಿಪೇರಿಗೆ ಕಳುಹಿಸಿ ರಬ್ಬರ್ ಬದಲಿಸಲು 1,800 ರೂಪಾಯಿ ಕೊಟ್ಟೆ. ಅದು ಮರಳಿ ಬಂದ ದಿನವೇ ಮತ್ತೆ ಅದೇ ನೀರು. ಆಗ ಒಂದು ಹೊಸ ಕ್ಯಾಪ್ಸೂಲನ್ನೂ ಒಂದು ತೊಳೆದದ್ದನ್ನೂ ಕನ್ನಡಿಯ ಮೇಲೆ ಮಗುಚಿಟ್ಟು ಟಾರ್ಚ್ ಬಿಟ್ಟು ನೋಡಿದೆ. ಹೊಸದರ ಅಡಿಯಲ್ಲಿ ಬೆಳಕು ತೂರಲಿಲ್ಲ, ತೊಳೆದದ್ದರ ಅಡಿಯಲ್ಲಿ ಎರಡು ಕಡೆ ತೂರಿತು.

ಅಂಚನ್ನು ಹಾಳು ಮಾಡುತ್ತಿದ್ದವಳು ನಾನೇ. ಹಳೆಯ ಮುಚ್ಚಳದ ಹಾಳೆಯನ್ನು ಉಗುರಿನಿಂದ ಎಬ್ಬಿಸಿ ಕಿತ್ತು ತೆಗೆಯುತ್ತಿದ್ದೆ, ಆ ಎಳೆತಕ್ಕೆ ಅಂಚು ಬಾಗುತ್ತಿತ್ತು. ಈಗ ಕೀಳುವುದಿಲ್ಲ. ಚೂಪಾದ ಬ್ಲೇಡಿನಿಂದ ಅಂಚಿನ ಒಳಗಡೆಯಷ್ಟೇ ಸುತ್ತ ಕೊಯ್ದು ನಡುವಿನ ಹಾಳೆಯನ್ನು ತೆಗೆಯುತ್ತೇನೆ. ಅಂಚಿಗೆ ಅಂಟಿದ ಉಂಗುರ ಹಾಗೆಯೇ ಇರಲಿ, ಹೊಸ ಮುಚ್ಚಳ ಅದರ ಮೇಲೆಯೇ ಚೆನ್ನಾಗಿ ಕೂರುತ್ತದೆ. ಇನ್ನೊಂದು ವಿಷಯ: ಕಾಫಿ ಇಳಿದ ತಕ್ಷಣ ಹಿಡಿ ಎತ್ತಿ ಕ್ಯಾಪ್ಸೂಲ್ ಬೀಳಿಸಿಬಿಡಬೇಕು. ಬಿಸಿಯಲ್ಲಿ ಒತ್ತಿಕೊಂಡೇ ಇದ್ದರೆ ಅಂಚಿನ ಮೇಲೆ ಮೆಷಿನ್ನಿನ ಹಲ್ಲಿನ ಗುರುತು ಆಳವಾಗಿ ಮೂಡುತ್ತದೆ. ಇದನ್ನು ಅತಿಥಿಗಳಿಗೂ ಹೇಳಿಕೊಡುತ್ತೇನೆ. ಸ್ವಲ್ಪ ಬಾಗಿದ ಅಂಚನ್ನು ಮತ್ತೆ ಮಟ್ಟ ಮಾಡಲು ನಾನು ಒಂದು ಸಲಕರಣೆ ಮಾಡಿಸಿಕೊಂಡಿದ್ದೇನೆ. ಮನೆಯಲ್ಲೇ ಇದ್ದ ಒಂದು ಹಳೆಯ ವಸ್ತುವಿನಿಂದ ಆದದ್ದು. ಅದೇನೆಂದು ಇಲ್ಲಿ ಬರೆಯುವುದಿಲ್ಲ. ಐದು ತಿಂಗಳ ತಲೆನೋವಿನ ಫಲ ಅದು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮುಚ್ಚಳದ ವಿಷಯಕ್ಕೆ ಬಂದರೆ, ಅಡುಗೆಮನೆಯ ಫಾಯಿಲ್ ಪ್ರಯತ್ನಿಸಬೇಡಿ. ಒಂದು ಪದರ ಹಾಕಿದರೆ ಹರಿಯುತ್ತದೆ, ಎರಡು ಪದರ ಹಾಕಿದರೆ ಕಾಫಿ ಇಳಿಯಲು ಬೇಕಾದಂತೆ ಒತ್ತಡಕ್ಕೆ ಸರಿಯಾಗಿ ಒಡೆಯುವುದಿಲ್ಲ, ಮಡಚಿದ ಅಂಚಿನಿಂದ ಸೋರುತ್ತದೆ. ಇದಕ್ಕೆಂದೇ ಅಂಟಿಸುವ ಫಾಯಿಲ್ ಮುಚ್ಚಳಗಳು ಸಿಗುತ್ತವೆ, ಒಂದಕ್ಕೆ ಮೂರು ರೂಪಾಯಿ ಬೀಳುತ್ತದೆ. ಮೊದಲು ಅಗ್ಗದ್ದನ್ನು ತರಿಸಿದ್ದೆ. ಕಾಫಿಯಲ್ಲಿ ಗೋಂದಿನ ವಾಸನೆ ಬಂತು, ಇನ್ನೂರರ ಕಟ್ಟು ಹಾಗೆಯೇ ಬಿದ್ದಿದೆ. ಆಹಾರಕ್ಕೆ ಬಳಸಬಹುದೆಂದು ಸ್ಪಷ್ಟವಾಗಿ ಬರೆದಿರುವುದನ್ನೇ ತೆಗೆದುಕೊಳ್ಳಿ, ಒಂದು ರೂಪಾಯಿ ಹೆಚ್ಚಾದರೂ ಸರಿ.

ಪುಡಿಯಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಪಲ್ಪ್ ಮಾಡಿ ತೊಳೆದ ನಮ್ಮ ರೋಬಸ್ಟಾ ಪಾರ್ಚ್‌ಮೆಂಟ್ ಹೆಚ್ಚು, ಅದರ ಜೊತೆ ಸ್ವಲ್ಪ ಅರೇಬಿಕಾ. ಪ್ರಮಾಣ ಎಷ್ಟೆಂದು ಕೇಳಬೇಡಿ. ದಪ್ಪ ನೊರೆ ಬರುವುದು ರೋಬಸ್ಟಾದಿಂದಲೇ. ಅದನ್ನು ಕೀಳು ಕಾಫಿ ಎನ್ನುವವರು ಹಣ್ಣು ಆರಿಸಿ ಕೊಯ್ದು ಶುದ್ಧವಾಗಿ ತೊಳೆದು ಒಣಗಿಸಿದ ರೋಬಸ್ಟಾವನ್ನು ಕುಡಿದಿರುವುದಿಲ್ಲ. ಗೋಣಿಕೊಪ್ಪಲಿನಲ್ಲಿ ಹುರಿಸಿ ತರುತ್ತೇನೆ, ನಡುಹದಕ್ಕಿಂತ ಒಂದು ಕೂದಲು ಹೆಚ್ಚು. ಹುರಿದ ಮರುದಿನವೇ ತುಂಬಿದರೆ ಏನಾಗುತ್ತದೆ ಎಂಬುದನ್ನು ಒಂದು ಶನಿವಾರ ಕಲಿತೆ. ರಾತ್ರಿ ಮೂವತ್ತು ತುಂಬಿಟ್ಟಿದ್ದೆ, ಬೆಳಿಗ್ಗೆ ನೋಡಿದರೆ ಮುಚ್ಚಳಗಳು ಪೂರಿಯಂತೆ ಉಬ್ಬಿ, ಆರೇಳು ಪೂರ್ತಿ ಎದ್ದುಬಂದಿದ್ದವು. ಹೊಸದಾಗಿ ಹುರಿದ ಬೀಜ ಗಾಳಿ ಬಿಡುತ್ತಲೇ ಇರುತ್ತದೆ. ಈಗ ಏಳೆಂಟು ದಿನ ಬಿಟ್ಟೇ ತುಂಬುವುದು.

ಮಿಕ್ಸಿಯಲ್ಲಿ ಪುಡಿ ಮಾಡಬೇಡಿ. ಅರ್ಧ ಧೂಳು, ಅರ್ಧ ನುಚ್ಚು ಆಗುತ್ತದೆ. 4,500 ರೂಪಾಯಿ ಕೊಟ್ಟು ಕೈಯಲ್ಲಿ ತಿರುಗಿಸುವ ಒಂದು ಒಳ್ಳೆಯ ಗ್ರೈಂಡರ್ ತಂದ ಮೇಲೆಯೇ ಹದ ಸಿಕ್ಕಿದ್ದು. ಚಿರೋಟಿ ರವೆಗಿಂತ ನುಣ್ಣಗೆ, ಮೈದಾಕ್ಕಿಂತ ತರಿ. ಐದೂವರೆ ಗ್ರಾಂ ತುಂಬಿ, ಬೆರಳಿನ ಭಾರದಲ್ಲಿ ಒಮ್ಮೆ ಒತ್ತಿದರೆ ಇಪ್ಪತ್ತೈದು ಸೆಕೆಂಡಿನ ಆಚೀಚೆ ನಲವತ್ತು ಮಿಲಿಲೀಟರ್ ಇಳಿಯುತ್ತದೆ. ಗಟ್ಟಿಯಾಗಿ ಒತ್ತಿದರೆ ಹನಿಹನಿ, ಒತ್ತದಿದ್ದರೆ ಹತ್ತು ಸೆಕೆಂಡಿಗೆ ಕಪ್ಪು ತುಂಬಿ ರುಚಿಯೇ ಇರುವುದಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಚಿಕೋರಿ ಬೆರೆಸಿದ ಪುಡಿ ಹಾಕಿದ ದಿನ ಪಂಪ್ ನರಳಿತು, ಕಾಫಿ ಬರಲೇ ಇಲ್ಲ. ಚಿಕೋರಿ ನೀರು ಕುಡಿದು ಜಿಗುಟಾಗಿ ಕ್ಯಾಪ್ಸೂಲನ್ನೇ ಕಟ್ಟಿಬಿಟ್ಟಿತ್ತು. ನಮ್ಮ ಕಡೆಯ ಬೆಲ್ಲದ ಕಾಫಿಯನ್ನು ಹಾಗೆಯೇ ಕ್ಯಾಪ್ಸೂಲಿನಲ್ಲಿ ಕೊಡಬೇಕೆಂದು ಬಹಳ ಆಸೆಯಿತ್ತು. ಬೆಲ್ಲವನ್ನು ಎಷ್ಟು ಒಣಗಿಸಿ ಪುಡಿ ಮಾಡಿದರೂ ಅಂಟು ಬಿಡಲಿಲ್ಲ, ಮೂರು ಪ್ರಯತ್ನಗಳ ನಂತರ ಕೈಬಿಟ್ಟು ಬೆಲ್ಲದ ಪಾಕವನ್ನು ಪಕ್ಕದಲ್ಲಿ ಸಣ್ಣ ಬಾಟಲಿಯಲ್ಲಿ ಇಡುತ್ತಿದ್ದೇನೆ. ಏಲಕ್ಕಿ ಹಾಕಿದ್ದು ರುಚಿಯಾಗಿಯೇ ಇತ್ತು, ಆದರೆ ಮುಂದಿನ ಹತ್ತು ಕಪ್ಪುಗಳಿಗೂ ಅದೇ ಘಮ. ಗೆದ್ದದ್ದು ಕರಿಮೆಣಸು. ಒಂದು ಕ್ಯಾಪ್ಸೂಲಿಗೆ ಒಂದೇ ಕಾಳು, ಬೀಜದ ಜೊತೆಯೇ ಪುಡಿ ಮಾಡಬೇಕು. ಡಿಸೆಂಬರ್ ಚಳಿಯಲ್ಲಿ ಬೆಟ್ಟಕ್ಕೆ ಹೊರಡುವವರು ಅದನ್ನೇ ಕೇಳಿ ಪಡೆಯುತ್ತಾರೆ. ಕಾಫಿಯೂ ಮೆಣಸೂ ನಮ್ಮದೇ ತೋಟದ್ದು, ಬಳ್ಳಿ ಹಬ್ಬಿದ ಮರವನ್ನು ಕಿಟಕಿಯಿಂದಲೇ ತೋರಿಸುತ್ತೇನೆ.

ಸ್ಟೀಲ್ ಕ್ಯಾಪ್ಸೂಲ್ ಇದೆಯಲ್ಲ, ಅದನ್ನೇ ಕೊಳ್ಳಬಾರದೇ ಎಂದು ಕೇಳುತ್ತಾರೆ. ಎರಡು ಕೊಂಡಿದ್ದೇನೆ, ಒಂದು 1,100 ರೂಪಾಯಿ. ಇಬ್ಬರೇ ಇರುವ ಮನೆಗೆ ಅದೇ ಸರಿ. ಒಂಬತ್ತು ಮಂದಿ ಒಟ್ಟಿಗೆ ನಿಂತಾಗ ಸುಡುವ ಸ್ಟೀಲನ್ನು ತೊಳೆದು ತುಂಬುತ್ತಾ ಕೂರಲು ಸಾಧ್ಯವಿಲ್ಲ.

ಮೂರಕ್ಕಿಂತ ಹೆಚ್ಚು ಸಲ ಏಕೆ ತುಂಬಬಾರದೆಂದರೆ, ಮೆಷಿನ್ ಪ್ರತಿ ಸಲವೂ ಹಿಂಬದಿಗೆ ಮೂರು ತೂತು ಚುಚ್ಚುತ್ತದೆ, ಹಳೆಯ ತೂತಿಗೇ ಬೀಳುತ್ತದೆಂಬ ಖಾತರಿಯಿಲ್ಲ. ತೂತುಗಳು ಒಂದಕ್ಕೊಂದು ಸೇರಿ ಹರಿದರೆ ಪುಡಿ ಹಿಂದಕ್ಕೆ ಬಂದು ಮೆಷಿನ್ ಒಳಗೆ ಸೇರುತ್ತದೆ. ಎಷ್ಟನೆಯ ಸಲ ಎಂಬ ಲೆಕ್ಕ ತಪ್ಪದಿರಲು ಒಂದು, ಎರಡು, ಮೂರು ಎಂದು ಬರೆದ ಡಬ್ಬಿಗಳಿವೆ. ಮೂರು ಮುಗಿದದ್ದು ಗುಜರಿಗೆ. ಸಾವಿರ ಸೇರಿದರೆ ಹೆಚ್ಚುಕಡಿಮೆ ಒಂದು ಕೆ.ಜಿ. ತೂಗುತ್ತದೆ. ಚರಟ ಮೆಣಸಿನ ಬಳ್ಳಿಗಳ ಗೊಬ್ಬರದ ಗುಂಡಿಗೆ.

ಇದೆಲ್ಲ ಮಾಡುವಾಗ ಅತಿಥಿಗಳಿಗೆ ಮುಚ್ಚಿಡಬಾರದು. ಮೆಷಿನ್ ಪಕ್ಕದಲ್ಲಿ ಬರೆದು ಹಾಕಿದ್ದೇನೆ: ನಮ್ಮ ತೋಟದ ಕಾಫಿ, ತೊಳೆದು ಮತ್ತೆ ತುಂಬಿದ ಕ್ಯಾಪ್ಸೂಲ್. ಬೇಡವೆನ್ನುವವರಿಗೆ ಕಂಪನಿಯದ್ದೂ ಬುಟ್ಟಿಯಲ್ಲಿ ಇರುತ್ತದೆ. ಮೊದಲು ನಮ್ಮದನ್ನು ಕುಡಿದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಮರುದಿನವೂ ನಮ್ಮದನ್ನೇ ಎತ್ತಿಕೊಳ್ಳುತ್ತಾರೆ. ಒಬ್ಬ ಅತಿಥಿ ತೊಳೆಯುವುದನ್ನು ನೋಡಬೇಕೆಂದರು, ತೋರಿಸಿದೆ, ಅವರೇ ಕುಳಿತು ಇಪ್ಪತ್ತು ತುಂಬಿಕೊಟ್ಟರು.

ಈಗ ಲೆಕ್ಕ. ಕಳೆದ ಅಕ್ಟೋಬರ್‌ನಿಂದ ಮೇವರೆಗೆ ಸುಮಾರು 1,100 ಕಪ್ಪು ಹೋಗಿರಬೇಕು. ಹೊಸದಾಗಿ ಕೊಂಡದ್ದು ಮುನ್ನೂರು, ಅದಕ್ಕೆ 15,000. ಉಳಿದ ಎಂಟುನೂರು ಮತ್ತೆ ತುಂಬಿದವು. ಪುಡಿ, ಮುಚ್ಚಳ, ಕೆಟ್ಟುಹೋದದ್ದು ಎಲ್ಲ ಸೇರಿ ಒಂದಕ್ಕೆ ಎಂಟು ರೂಪಾಯಿಯಂತೆ 6,400. ಎಲ್ಲವನ್ನೂ ಕೊಂಡಿದ್ದರೆ 55,000 ಆಗುತ್ತಿತ್ತು. ಗ್ರೈಂಡರ್, ಸ್ಟೀಲ್ ಕ್ಯಾಪ್ಸೂಲ್, ಅನಗತ್ಯವಾಗಿ ಮಾಡಿಸಿದ ರಿಪೇರಿ ಎಲ್ಲವನ್ನೂ ಕಳೆದರೂ ಇಪ್ಪತ್ತೈದು ಸಾವಿರ ಕೈಯಲ್ಲಿ ಉಳಿಯಿತು. ಐವತ್ತು ತೊಳೆದು ತುಂಬಲು ಒಂದೂವರೆ ಗಂಟೆ ಬೇಕು, ಆ ಶ್ರಮಕ್ಕೆ ನಾನು ಬೆಲೆ ಕಟ್ಟಿಲ್ಲ. ದಿನಕ್ಕೆ ಎರಡು ಕಪ್ಪು ಕುಡಿಯುವ, ಪುಡಿಯನ್ನೂ ಅಂಗಡಿಯಿಂದ ತರುವ ಮನೆಯವರಿಗೆ ಈ ಕೆಲಸ ಗಿಟ್ಟುವುದಿಲ್ಲ. ಅಂಥವರು ಒಂದು ಸ್ಟೀಲ್ ಕ್ಯಾಪ್ಸೂಲ್ ಕೊಳ್ಳುವುದು ಒಳ್ಳೆಯದು.

ನಾನು ನಿರೀಕ್ಷಿಸದೆ ಇದ್ದ ಲಾಭ ಇನ್ನೊಂದು. ಬೆಳಿಗ್ಗೆ ಕುಡಿದವರು ಹೊರಡುವಾಗ ಇದೇ ಪುಡಿ ಬೇಕೆನ್ನುತ್ತಾರೆ. ಆಹಾರ ಸುರಕ್ಷತಾ ನೋಂದಣಿ ಮಾಡಿಸಿ ಕಾಲು ಕೆ.ಜಿ. ಪೊಟ್ಟಣಗಳಲ್ಲಿ ಕೊಡಲು ಆರಂಭಿಸಿದೆ. ಈ ಸೀಸನ್‌ನಲ್ಲಿ ನಲವತ್ತು ಕೆ.ಜಿ.ಯ ಹತ್ತಿರ ಹೋಯಿತು. ಭಾವ ಈಗ ಒಣಗುವ ಹೊತ್ತಿಗೆ ತಾವೇ ಕಣಕ್ಕೆ ಬಂದು, ಎರಡು ಚೀಲ ಪಾರ್ಚ್‌ಮೆಂಟನ್ನು ಮಾರುವ ರಾಶಿಯಿಂದ ಬೇರೆ ಮಾಡಿ "ಇದು ನಿನ್ನದು" ಎಂದು ಎತ್ತಿಡುತ್ತಾರೆ.

ಮಳೆಗಾಲ ಮಾತ್ರ ಇನ್ನೂ ಪೂರ್ತಿ ಕೈಗೆ ಸಿಕ್ಕಿಲ್ಲ. ಕರೆಂಟ್ ಹೋದರೆ ಮೆಷಿನ್ ನಮ್ಮ ಇನ್ವರ್ಟರ್‌ಗೆ ಭಾರ. ತೊಳೆದದ್ದನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಹೊಗೆಯ ವಾಸನೆ ಹಿಡಿಯುತ್ತದೆ, ಈಗ ಸಣ್ಣ ಓವನ್‌ನಲ್ಲಿ ಅರವತ್ತು ಡಿಗ್ರಿ ಇಟ್ಟು ಒಣಗಿಸುತ್ತಿದ್ದೇನೆ. ಡಿಸೆಂಬರ್‌ನಲ್ಲಿ ತುಂಬಿದ್ದು ಐದು ದಿನ ಚೆನ್ನಾಗಿರುತ್ತದೆ, ಜೋರು ಮಳೆಯ ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್) ಎರಡನೆಯ ದಿನಕ್ಕೇ ಪುಡಿ ಮೆತ್ತಗಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹುರಿದ ಅಕ್ಕಿ ಹಾಕಿ ಅದರ ಮೇಲೆ ಕ್ಯಾಪ್ಸೂಲ್ ಜೋಡಿಸಿಟ್ಟು ನೋಡುತ್ತಿದ್ದೇನೆ. ಮೊದಲ ಡಬ್ಬಿಯನ್ನು ನಾಲ್ಕನೆಯ ದಿನ ತೆರೆದೆ. ನೊರೆ ಸ್ವಲ್ಪ ತೆಳುವಾಗಿತ್ತು, ರುಚಿ ಹಾಗೆಯೇ ಇತ್ತು. ಎರಡನೆಯದನ್ನು ಬರುವ ಭಾನುವಾರ ತೆರೆಯಬೇಕು.