ಅಪ್ಪನ ಖಾತೆ ಪುಸ್ತಕ ಹಿಡ್ಕೊಂಡು ಪೋಸ್ಟ್‌ಡಾಕ್‌ನಿಂದ ಕೆಲಸಕ್ಕೆ ಹೋಗಿದ್ದು: ನನ್ನ ಅನುಭವ

2024ರ ಆಗಸ್ಟಲ್ಲಿ ಆಫರ್ ಲೆಟರ್ ಬಂದಾಗ ಲ್ಯಾಬಲ್ಲಿ ಎಲ್ರೂ ಮೊದಲು ಕೇಳಿದ್ದು "ಯಾರ ರೆಫರೆನ್ಸು?" ಅಂತ. ಯಾರ್ದೂ ಅಲ್ಲ. 41 ಜನರ ಹತ್ರ ಮಾತಾಡಿ ಬರೆದಿಟ್ಟಿದ್ದ ಒಂದು ಉದ್ದನೆ ಕೆಂಪು ಬಟ್ಟೆ ರಟ್ಟಿನ ಪುಸ್ತಕದಿಂದ ಬಂದಿದ್ದು ಅದು. ಆ ಪುಸ್ತಕ ನೋಡಿ "ಇದೇನ್ ಕೊಬ್ಬರಿ ವ್ಯಾಪಾರಾನ, ರಿಸರ್ಚ್ ಪೇಪರ್ ಬಂದ್ರೆ ಕೆಲಸ ತಾನಾಗೇ ಬರುತ್ತೆ" ಅಂದೋರೇ ಈಗ ಒಂದ್ ಪೇಜ್ ಫೋಟೋ ಕಳ್ಸು ಅಂತಿದಾರೆ. ಒಬ್ಬೊಬ್ರಿಗೂ ಹೇಳೋ ಬದ್ಲು ಇಲ್ಲೇ ಬರೀತೀನಿ.

ನಮ್ದು ತಿಪಟೂರು. ಅಪ್ಪಂದು ಸಣ್ಣ ಕೊಬ್ಬರಿ ವ್ಯಾಪಾರ. ನಾನು ಗಿಡದ ಬೇರಿನ ಮೇಲೆ ಪಿಎಚ್‌ಡಿ ಮಾಡಿ 2021ರ ಕೊನೆಗೆ ಬೆಂಗಳೂರಲ್ಲಿ ಒಂದು ಇನ್ಸ್ಟಿಟ್ಯೂಟಿಗೆ ಪೋಸ್ಟ್‌ಡಾಕ್ ಆಗಿ (ಪಿಎಚ್‌ಡಿ ಆದ್ಮೇಲೆ ಮಾಡೋ ಹಂಗಾಮಿ ಸಂಶೋಧನೆ ಕೆಲಸ) ಬಂದೆ, ಪ್ರಾಜೆಕ್ಟ್ ದುಡ್ಡಲ್ಲಿ ಸಂಬಳ, ರಿಸರ್ಚ್ ಅಸೋಸಿಯೇಟ್ 1, ಆಗ ತಿಂಗಳಿಗೆ 47 ಸಾವಿರ ಪ್ಲಸ್ ಎಚ್‌ಆರ್‌ಎ. 2023ರ ಜೂನಲ್ಲಿ ಸರ್ಕಾರದ ಆರ್ಡರ್ ಆಗಿ 58 ಸಾವಿರ ಆಯ್ತು, ಜನವರಿಯಿಂದಲೇ ಲೆಕ್ಕ, ಆದ್ರೆ ನನ್ನ ಅಕೌಂಟಿಗೆ ಅರಿಯರ್ಸ್ ಬಿದ್ದಿದ್ದು ಮುಂದಿನ ಮಾರ್ಚಿಗೆ. ಮಧ್ಯೆ ಪ್ರಾಜೆಕ್ಟ್ ರಿನ್ಯೂ ಆಗೋದು ತಡ ಆಗಿ ಎರಡು ತಿಂಗಳು ಸಂಬಳಾನೇ ಇಲ್ಲ. ಆಗ ಕೊಡಿಗೇಹಳ್ಳಿ ಮನೆ ಬಾಡಿಗೆ ಕಟ್ಟಿದ್ದು ಅಮ್ಮ ಎತ್ತಿದ ಚೀಟಿ ದುಡ್ಡಲ್ಲಿ. ಅಮ್ಮ ಒಂದ್ ಮಾತೂ ಆಡ್ಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿದ್ದು. ಅವತ್ತೇ ತೀರ್ಮಾನ ಮಾಡ್ದೆ, ಮುಂದಿನ ಕೆಲಸಕ್ಕೆ ಪೇಪರ್ ಕಾಯ್ಕೊಂಡು ಕೂರಲ್ಲ ಅಂತ.

ಮೊದಲು ದುಡ್ಡು ಕಳೆದಿದ್ದು ಹೇಳ್ಬಿಡ್ತೀನಿ. ಸಿವಿ ಬರ್ಕೊಡೋರಿಗೆ 12 ಸಾವಿರ ಕೊಟ್ಟೆ, ಅವ್ರು ನನ್ನ ಅರಾಬಿಡಾಪ್ಸಿಸ್ (ಲ್ಯಾಬಲ್ಲಿ ಬೆಳೆಸೋ ಸಾಸಿವೆ ಜಾತಿ ಸಣ್ಣ ಗಿಡ) ಕೆಲ್ಸಾನ "ಡೈನಾಮಿಕ್ ರಿಸಲ್ಟ್ ಓರಿಯೆಂಟೆಡ್ ಪ್ರೊಫೆಷನಲ್" ಅಂತ ಮಾಡಿ ವಾಪಸ್ ಕೊಟ್ರು. ಆಮೇಲೆ ಡೇಟಾ ಸೈನ್ಸ್ ಕೋರ್ಸು, 38 ಸಾವಿರ ಚಿಲ್ಲರೆ, ಇಎಂಐ ಮೇಲೆ, ಮೂರನೇ ಮಾಡ್ಯೂಲ್ ದಾಟ್ಲಿಲ್ಲ ಯಾಕಂದ್ರೆ ರಾತ್ರಿ ಹತ್ತಕ್ಕೆ ಲ್ಯಾಬಿಂದ ಬಂದು ಯಾರಿಗೂ ಕೂತು ಓದೋಕಾಗಲ್ಲ. ಒಟ್ಟು 50 ಸಾವಿರ ನೀರಲ್ಲಿ ಹೋಮ. ಇದರ ಜೊತೆ ಪೋರ್ಟಲ್‌ಗಳಲ್ಲಿ ಒಂದು 60 ಅರ್ಜಿ ಹಾಕಿರ್ಬೇಕು, ಉತ್ತರ ಬಂದಿದ್ದು ಎರಡಕ್ಕೆ, ಎರಡೂ "ಸದ್ಯಕ್ಕಿಲ್ಲ".

ಫ್ಯಾಕಲ್ಟಿ ಕಡೆಗೂ ಪ್ರಯತ್ನ ಪಟ್ಟೆ. ಇನ್‌ಸ್ಪೈರ್ ಫ್ಯಾಕಲ್ಟಿ (ಕೇಂದ್ರ ಸರ್ಕಾರದ ಫೆಲೋಶಿಪ್) ಅಂದ್ರೆ ಆಗ ತಿಂಗಳಿಗೆ 1.25 ಲಕ್ಷ, ವರ್ಷಕ್ಕೆ 7 ಲಕ್ಷ ಗ್ರಾಂಟು, 5 ವರ್ಷ, ಸಹಜವಾಗೇ ಎಲ್ರ ಕಣ್ಣೂ ಅದರ ಮೇಲೇ. ನಾನು ಬೇರೆ ಬೇರೆ ಕಡೆ ಹಾಕಿದ ಅರ್ಜಿಗಳಲ್ಲಿ ಒಂದೇ ಒಂದು ಚಾಕ್ ಟಾಕ್ (ಸ್ಲೈಡ್ ಇಲ್ದೆ ಬೋರ್ಡ್ ಮೇಲೆ ಬರೆದು ನಮ್ಮ ಸಂಶೋಧನೆ ವಿವರಿಸೋ ಸುತ್ತು) ತನಕ ಹೋಯ್ತು. ಇಪ್ಪತ್ತು ನಿಮಿಷ ಬೋರ್ಡ್ ಮುಂದೆ ಚೆನ್ನಾಗೇ ಹೇಳ್ದೆ, ಕೊನೆಗೆ ಒಬ್ರು "ಇದ್ರಲ್ಲಿ ನಿಮ್ಮ ಪಿಐ (ಲ್ಯಾಬ್ ಮುಖ್ಯಸ್ಥರು) ಮಾಡದೇ ಇರೋದು ಯಾವ್ದು?" ಅಂದ್ರು. ಮಾರ್ಕರ್ ಹಿಡ್ಕೊಂಡು ನಿಂತೇ ಇದ್ದೆ. ಈ ಪ್ರಶ್ನೆ ಬಂದೇ ಬರುತ್ತೆ, ಉತ್ತರ ಮನೇಲೇ ಬರ್ಕೊಂಡು ಹೋಗಿ.

ಇನ್ನು ಪುಸ್ತಕದ ವಿಷಯ. ದೀಪಾವಳಿಗೆ ಊರಿಗೆ ಹೋದಾಗ ಅಪ್ಪನ ಖಾತೆ ಪುಸ್ತಕ ತಿರುವಿ ಹಾಕ್ತಿದ್ದೆ. ಒಬ್ಬೊಬ್ಬ ರೈತನಿಗೆ ಒಂದೊಂದು ಪುಟ, ಎಡಕ್ಕೆ ಕೊಟ್ಟಿದ್ದು, ಬಲಕ್ಕೆ ಬಂದಿದ್ದು, ಕೆಳಗೆ ಬಾಕಿ. ಅಂಗಡಿಯಿಂದ ಹೊಸದೊಂದು ತಂದು ನಾನೂ ಹಾಗೇ ಮಾಡ್ದೆ. ಪೋಸ್ಟ್‌ಡಾಕ್ ಬಿಟ್ಟು ಬೇರೆ ಕೆಲಸಕ್ಕೆ ಹೋದ ಒಬ್ಬೊಬ್ಬರಿಗೆ ಒಂದೊಂದು ಪುಟ. ಎಡಕ್ಕೆ ನಾನು ಕೇಳಿದ್ದು, ಬಲಕ್ಕೆ ಅವ್ರು ಹೇಳಿದ್ದು, ಅವರದೇ ಮಾತಲ್ಲಿ. ಬಾಕಿ ಜಾಗದಲ್ಲಿ ನಾನು ಅವರಿಗೆ ಏನು ವಾಪಸ್ ಕೊಡ್ಬೇಕು ಅನ್ನೋದು, ಒಂದು ಪೇಪರ್ ಪಿಡಿಎಫ್ ಇರ್ಬಹುದು, ಅವರ ತಮ್ಮನಿಗೆ ಬೆಂಗಳೂರಲ್ಲಿ ಪಿಜಿ ಹುಡುಕೋದಿರ್ಬಹುದು. ಬಾಕಿ ತೀರಿಸದೆ ಅವರಿಗೆ ಎರಡನೇ ಸಲ ಫೋನ್ ಮಾಡ್ತಿರ್ಲಿಲ್ಲ. ಇದು ಅಪ್ಪನ ನಿಯಮ, ನನ್ನದಲ್ಲ.

ಶುಕ್ರವಾರ ಸಂಜೆ 4ರಿಂದ 6 ಇದಕ್ಕೇ ಮೀಸಲು. ಲ್ಯಾಬಲ್ಲಿ ಜೆಲ್ ಪ್ರಯೋಗ ಓಡ್ತಿದ್ರೂ ಸರಿ. ಒಂದು ಮೇಲ್, ಐದು ಸಾಲು, 15 ನಿಮಿಷ ಮಾತಾಡೋಕೆ ಸಮಯ ಕೇಳೋದು. ಕೆಲಸ ಮಾತ್ರ ಕೇಳಲೇಬಾರ್ದು. ಮಂಗಳವಾರ ಬೆಳಗ್ಗೆ ಹೋಗೋ ಹಾಗೆ ಶೆಡ್ಯೂಲ್ ಮಾಡಿದ್ರೆ ಸೋಮವಾರಕ್ಕಿಂತ ಜಾಸ್ತಿ ಉತ್ತರ ಬರ್ತಿತ್ತು, ಎರಡು ತಿಂಗಳು ಒಂದೊಂದು ವಾರ ಬದಲಾಯ್ಸಿ ನೋಡಿದೀನಿ, ಸುಮಾರು ಮೂರಕ್ಕೆ ಒಬ್ರು ಒಪ್ಕೊಳ್ತಿದ್ರು. ಆ ಮೇಲ್‌ನಲ್ಲಿ ಮೂರನೇ ಸಾಲು ಏನಿರುತ್ತೆ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ, ನಮ್ಮ ಬುಧವಾರದ ಗುಂಪಿನವ್ರು (ಮುಂದೆ ಹೇಳ್ತೀನಿ) ಇನ್ನೂ ಅದನ್ನೇ ಬಳಸ್ತಿದಾರೆ.

ಐಡಿಪಿ (ಇಂಡಿವಿಜುವಲ್ ಡೆವಲಪ್‌ಮೆಂಟ್ ಪ್ಲಾನ್, ಅಂದ್ರೆ ಮುಂದಿನ ಕೆಲಸಕ್ಕೆ ನಮ್ಮದೇ ಪ್ಲಾನ್) ಬಗ್ಗೆ ಕೇಳೋರಿಗೆ: ಸೈನ್ಸ್ ಕರಿಯರ್ಸ್‌ನವರ ಮೈಐಡಿಪಿ ವೆಬ್‌ಸೈಟ್ ಫ್ರೀ, ಅದು ಅಮೆರಿಕದವರದು ಅಂತ ಬಿಡಬೇಡಿ. ಸ್ಕಿಲ್ಸು, ಆಸಕ್ತಿ, ವ್ಯಾಲ್ಯೂಸ್‌ಗೆ ಅಂಕ ಕೊಟ್ರೆ, ಸ್ಕಿಲ್ಸು, ಆಸಕ್ತಿ ನೋಡಿ 20 ಕೆಲಸದ ದಾರಿಗಳ ಜೊತೆ ಹೊಂದಿಸಿ ತೋರಿಸುತ್ತೆ. ಮೊದಲ ಸಲ ಮಾಡಿದಾಗ ನನಗೆ ನಾನೇ ಎಲ್ಲದಕ್ಕೂ 4, 5 ಕೊಟ್ಕೊಂಡು ಏನೂ ತಿಳೀಲಿಲ್ಲ. ಎರಡನೇ ಸಲ ನನ್ನ ಲ್ಯಾಬ್‌ಮೇಟಿಗೂ, ಮೈಕ್ರೋಸ್ಕೋಪ್ ಫೆಸಿಲಿಟಿ ಅಕ್ಕನಿಗೂ ಅದೇ ಪಟ್ಟಿ ಕೊಟ್ಟು ನನಗೆ ಅಂಕ ಹಾಕ್ಸಿದೆ. ಬರವಣಿಗೇಲಿ ಇಬ್ರೂ 3, ಕಲ್ಸೋದ್ರಲ್ಲಿ ಇಬ್ರೂ 5. ಆವಾಗ ಕಣ್ಣು ಬಿಡ್ತು. ಜೀವವಿಜ್ಞಾನಿಗಳಿಗೆ ನೆರವಾಗೋ ಇಂಡಿಯಾಬಯೋಸೈನ್ಸ್‌ನವರ ಕ್ರಾಫ್ಟಿಂಗ್ ಯುವರ್ ಕರಿಯರ್ ವರ್ಕ್‌ಶಾಪ್ ಸಿಕ್ರೆ ಹೋಗಿ, ಫ್ಯಾಕಲ್ಟಿ ಆಗೋ ಆಸೆ ಇರೋರು 2009ರಿಂದ ಅವ್ರು ನಡೆಸ್ತಿರೋ ಯಂಗ್ ಇನ್ವೆಸ್ಟಿಗೇಟರ್ಸ್ ಮೀಟಿಂಗಿಗೂ ಹಾಕಿ, ಪೋಸ್ಟ್‌ಡಾಕ್‌ಗಳನ್ನೂ ತಗೋತಾರೆ.

ಇಪ್ಪತ್ತು ಪುಟ ತುಂಬಿದ್ಮೇಲೆ ಒಂದಿನ ಬಲಗಡೆ ಬರೆದಿದ್ದನ್ನೆಲ್ಲ ಕೂತು ಒಟ್ಟಿಗೆ ಓದ್ದೆ. ಇಂಡಸ್ಟ್ರಿಯವ್ರು ಯಾರೂ ನನ್ನ ಪೇಪರ್ ಬಗ್ಗೆ ಎರಡು ನಿಮಿಷಕ್ಕಿಂತ ಜಾಸ್ತಿ ಮಾತಾಡಿರ್ಲಿಲ್ಲ. ಏಳೋ ಎಂಟೋ ಜನ ಒಂದೇ ವಿಷಯ ಕೇಳಿದ್ರು, "ಕಾನ್‌ಫೋಕಲ್ ನೀವೇ ಓಡಿಸ್ತೀರಾ? ಬೇರೆಯವರಿಗೆ ಕಲಿಸಿದೀರಾ?" ಕಾನ್‌ಫೋಕಲ್ ಅಂದ್ರೆ ಲೇಸರ್ ಬಳಸಿ ಇಮೇಜ್ ತೆಗೆಯೋ ಮೈಕ್ರೋಸ್ಕೋಪು. ನಾನು ಬಂದಾಗಿಂದ ನಮ್ಮ ಬಿಲ್ಡಿಂಗಲ್ಲಿ ಇಮೇಜ್ ಬರದಿದ್ರೆ ನನ್ನನ್ನೇ ಕರೀತಿದ್ರು, ಅದನ್ನ ನಾನು ಕೆಲಸ ಅಂತಾನೇ ಲೆಕ್ಕ ಹಾಕಿರ್ಲಿಲ್ಲ. ಸಿವೀಲಿ ಕೊನೆ ಪುಟದಲ್ಲಿ "ಟೆಕ್ನಿಕ್ಸ್: ಕಾನ್‌ಫೋಕಲ್, ಫಿಜಿ" ಅಂತ ಮೂರು ಪದ ಇತ್ತು ಅಷ್ಟೇ (ಫಿಜಿ ಅಂದ್ರೆ ಇಮೇಜ್ ಅಳೆಯೋ ಸಾಫ್ಟ್‌ವೇರ್). ಅದನ್ನ ತೆಗೆದು ಮೊದಲ ಪುಟದ ಮೇಲ್ಗಡೆ ಹಾಕ್ದೆ: 26 ಜನರಿಗೆ ಟ್ರೈನಿಂಗ್, ನಾಲ್ಕು ಲ್ಯಾಬು, ಫಿಜಿ ಮ್ಯಾಕ್ರೋ (ತಾನಾಗೇ ಓಡೋ ಸಣ್ಣ ಪ್ರೋಗ್ರಾಂ) ಬರೆದು ಬೇರು ಅಳೆಯೋ ಕೆಲಸ ಎರಡು ದಿನದಿಂದ ನಲವತ್ತು ನಿಮಿಷಕ್ಕೆ ಇಳಿಸಿದ್ದು. ಪೇಪರ್ ಪಟ್ಟಿ ಎರಡನೇ ಪುಟಕ್ಕೆ. ಪಿಐ ನೋಡಿ "ಇದು ಟೆಕ್ನಿಷಿಯನ್ ಸಿವಿ ಆಯ್ತಲ್ಲ" ಅಂದ್ರು. ಬೇಜಾರಾಯ್ತು, ಬದಲಾಯ್ಸಲಿಲ್ಲ.

ಸಿವಿ ಪರೀಕ್ಷೆ ಮಾಡೋಕೆ ಆರು ಪೋಸ್ಟ್‌ಡಾಕ್‌ಗಳು ಬುಧವಾರ ಕ್ಯಾಂಟೀನಲ್ಲಿ ಸೇರ್ತಿದ್ವಿ. ಒಬ್ಬರ ಸಿವಿ ಎಲ್ರೂ 30 ಸೆಕೆಂಡ್ ನೋಡಿ ಮಗುಚಿ ಇಡೋದು, ಆಮೇಲೆ ಏನು ನೆನಪಿದೆ ಅಂತ ಒಬ್ಬೊಬ್ರೇ ಹೇಳೋದು. ನೆನಪಿಲ್ಲದ್ದು ಹೊರಗೆ. ಕಾಫಿ ಖರ್ಚು ತಲೆಗೆ 15 ರೂಪಾಯಿ, ನಾನು 12 ಸಾವಿರ ಕೊಟ್ಟಾಗ ಸಿಗದೇ ಇದ್ದಿದ್ದು ಇಲ್ಲಿ ಸಿಕ್ತು. ಮಧ್ಯೆ ತುಮಕೂರಿನ ಒಂದು ಡಿಗ್ರಿ ಕಾಲೇಜಲ್ಲಿ ಶನಿವಾರ ಆರೇಳು ಕ್ಲಾಸ್ ತಗೊಂಡೆ, ಬಸ್ ಚಾರ್ಜು ಕಳೆದ್ರೆ ಏನೂ ಉಳೀಲಿಲ್ಲ, ಆದ್ರೆ ಫ್ಲೋರೆಸೆನ್ಸ್ ಅಂದ್ರೇನು ಅಂತ ಮೂರು ವಾಕ್ಯದಲ್ಲಿ ಕನ್ನಡದಲ್ಲಿ ಹೇಳೋದು ಅಲ್ಲೇ ಕಲ್ತಿದ್ದು. ಚಾಕ್ ಟಾಕ್ ಫೋನಲ್ಲಿ ರೆಕಾರ್ಡ್ ಮಾಡಿ ಸೌಂಡ್ ಮ್ಯೂಟ್ ಮಾಡಿ ನೋಡೋ ಪ್ರಯೋಗಾನೂ ಮಾಡ್ದೆ, ಕೈ ಎಲ್ಲಿ ನಿಲ್ಲುತ್ತೋ ಅಲ್ಲೇ ನಮಗೆ ವಿಷಯ ಗೊತ್ತಿರಲ್ಲ.

33ನೇ ಪುಟದವರು ಒಂದು ಮೈಕ್ರೋಸ್ಕೋಪ್ ಕಂಪನೀಲಿ ಅಪ್ಲಿಕೇಶನ್ ಸೈಂಟಿಸ್ಟ್, ಅಂದ್ರೆ ಗ್ರಾಹಕರಿಗೆ ಯಂತ್ರ ಬಳಸೋದು ತೋರಿಸಿ ಕಲಿಸೋರು. ಮಾತಾಡಿ ನಾಲ್ಕು ತಿಂಗಳಾದ್ಮೇಲೆ ಅವರೇ ಫೋನ್ ಮಾಡಿ "ನಮ್ಮಲ್ಲಿ ಒಂದು ಪೋಸ್ಟ್ ಆಗ್ತಿದೆ, ಹಾಕಮ್ಮ" ಅಂದ್ರು, ಎಲ್ಲೂ ಜಾಹೀರಾತಿರ್ಲಿಲ್ಲ. ರೆಫರೆನ್ಸ್ ಕೊಡೋಕೆ ಅವ್ರಿಗೆ ನನ್ನ ಕೆಲಸ ಗೊತ್ತಿರ್ಲಿಲ್ಲ, ಅದಕ್ಕೆ ನೇರ ಡೆಮೋಗೇ ಕರೆದ್ರು. ಒಂದು ಸ್ಯಾಂಪಲ್ ಕೊಟ್ಟು ಇಮೇಜ್ ತೆಗೀರಿ ಅಂದ್ರು, ಎಲ್ಲ ಮಂಜು ಮಂಜು. ಲೇಸರ್ ಪವರ್, ಗೇನ್ (ಇಮೇಜ್ ಬೆಳಕು ಏರಿಸೋ ಸೆಟ್ಟಿಂಗ್) ಮುಟ್ಟೋಕೆ ಹೋಗ್ಲಿಲ್ಲ. 20ಎಕ್ಸ್ ಡ್ರೈ ಲೆನ್ಸ್ (ಎಣ್ಣೆ ಹಾಕದೇ ಬಳಸೋದು) ಬಿಚ್ಚಿ, ಐಪೀಸ್ ತೆಗೆದು ತಿರುಗಿಸಿ ಭೂತಗನ್ನಡಿ ಥರ ಹಿಡಿದು ನೋಡ್ದೆ, ತುದೀಲಿ ಬೇರೆ ಲೆನ್ಸಿಗೆ ಹಾಕೋ ಇಮ್ಮರ್ಷನ್ ಆಯಿಲ್ ಒಣಗಿ ಕೂತಿತ್ತು. ಲೆನ್ಸ್ ಪೇಪರಲ್ಲಿ ಒರೆಸಿ ವಾಪಸ್ ಹಾಕ್ದೆ, ಇಮೇಜ್ ಬಂತು. ಅಷ್ಟು ಹೊತ್ತೂ ಅಲ್ಲಿದ್ದ ಮೂರು ಜನ ಒಂದ್ ಮಾತೂ ಆಡಿರ್ಲಿಲ್ಲ. ಆಮೇಲಿನ ಇಂಟರ್ವ್ಯೂ ಹತ್ತು ನಿಮಿಷ.

ಸಂಬಳ ಸರಿಯಾಗಿ ಹೇಳಲ್ಲ, ಪೋಸ್ಟ್‌ಡಾಕ್‌ದಕ್ಕಿಂತ ಒಂದೂ ಮುಕ್ಕಾಲು ಪಟ್ಟು ಅನ್ಕೊಳ್ಳಿ. ಅವ್ರು ಮೊದಲು ಹೇಳಿದ ಅಂಕಿಗೆ ನಾನು ಒಪ್ಲಿಲ್ಲ, ಪುಸ್ತಕದಲ್ಲಿ ಐದು ಜನರ ಹತ್ರ ಕೇಳಿ ಬರ್ಕೊಂಡಿದ್ದ ರೇಂಜ್ ಇತ್ತಲ್ಲ, ಹೇಗೆ ಕೇಳಿದ್ದೆ ಅನ್ನೋದು ನನ್ನ ಹತ್ರಾನೇ ಇರ್ಲಿ. ಮೊದಲ ಸಂಬಳದಲ್ಲಿ ಅಮ್ಮನ ಚೀಟಿ ದುಡ್ಡು ತೀರಿಸ್ದೆ.

ಬುಧವಾರದ ಗುಂಪು ಇನ್ನೂ ನಡೀತಿದೆ, ಆರರಲ್ಲಿ ಮೂರು ಜನ ಹೊರಗೆ ಹೋಗಿ ಹೊಸಬ್ರು ನಾಲ್ಕು ಜನ ಬಂದಿದಾರೆ. ಮೊನ್ನೆ ಅವರಲ್ಲಿ ಒಬ್ಬ ಹುಡುಗ ಫೋನ್ ಮಾಡಿ "ಅಕ್ಕ, 15 ನಿಮಿಷ ಸಿಗ್ತೀರಾ?" ಅಂದ. ಅವನ ಪುಸ್ತಕದಲ್ಲಿ ನಂದು 6ನೇ ಪುಟವಂತೆ.