ಅನ್ನನಾಳದ ಸ್ಟೆತಸ್ಕೋಪ್: ಹಾಕುವುದು ಹೇಗೆ, ಕೇಳುವುದು ಏನನ್ನು?

ಪೂರ್ತಿ ಅರಿವಳಿಕೆ ಕೊಟ್ಟ ಮೇಲೆ ರೋಗಿ ತನಗೇನಾಗುತ್ತಿದೆ ಎಂದು ಹೇಳಲಾರ. ಮೈತುಂಬ ಹಸಿರು ಬಟ್ಟೆ. ಎದೆಯ ಮೇಲೆ ಸ್ಟೆತಸ್ಕೋಪ್ ಇಡಲೂ ಜಾಗ ಸಿಗುವುದು ಕಷ್ಟ. ಮಾನಿಟರ್ ಅಂಕಿಗಳನ್ನು ತೋರಿಸುತ್ತದೆ, ನಿಜ. ಆದರೆ ಹೃದಯದ ಬಡಿತ, ಉಸಿರಿನ ಓಡಾಟ ಎರಡನ್ನೂ ನೇರ ಕಿವಿಗೇ ತಲುಪಿಸುವ ಒಂದು ಸರಳ ಸಾಧನವಿದೆ. ಮಂಗಳೂರು, ಮಣಿಪಾಲದಲ್ಲಿ ಅನಸ್ತೇಶಿಯಾ ಟೆಕ್ನಾಲಜಿ ಓದುವವರು ಇದನ್ನು ಪುಸ್ತಕದಲ್ಲಿ ಓದಿ ಸುಮ್ನೆ ಬಿಡಬಾರದು, ಕಿವಿಗೆ ಹಾಕಿಕೊಂಡು ಕಲಿಯಬೇಕು. ಹಾಕುವುದು ಅರಿವಳಿಕೆ ವೈದ್ಯರು, ಇಲ್ಲವೇ ಅವರ ಕಣ್ಣೆದುರಿನಲ್ಲಿ ತರಬೇತಿ ಪಡೆದವರು ಮಾತ್ರ.

ಇದು ಮೆತ್ತಗಿನ ಪ್ಲಾಸ್ಟಿಕ್ ನಳಿಕೆ. ತುದಿಯಲ್ಲಿ ಸಣ್ಣ ತೂತುಗಳು, ಅವುಗಳ ಮೇಲೆ ತೆಳುವಾದ ಬಲೂನಿನ ಹೊದಿಕೆ. ಇನ್ನೊಂದು ತುದಿಗೆ ಸ್ಟೆತಸ್ಕೋಪಿನ ಕಿವಿಭಾಗ ಜೋಡಿಸುತ್ತಾರೆ. ಅನ್ನನಾಳ ಹೃದಯದ ಬೆನ್ನಿಗೇ ತಾಗಿಕೊಂಡು ಇಳಿಯುತ್ತದೆ. ನಡುವೆ ಎಲುಬಿಲ್ಲ, ಕೊಬ್ಬಿನ ಪದರವಿಲ್ಲ. ಅದಕ್ಕೇ ಸದ್ದು ಅಷ್ಟು ಸ್ಪಷ್ಟ.

ಮೊದಲು ಯಾರಿಗೆ ಬೇಡ ಎಂದು ನೋಡಿ. ಉಸಿರಿನ ಟ್ಯೂಬ್ ಹಾಕಿದವರಿಗೆ ಮಾತ್ರ ಇದು. ಸ್ಪೈನಲ್ (ಬೆನ್ನಿಗೆ ಚುಚ್ಚಿ ಕೊಡುವ ಅರಿವಳಿಕೆ) ಕೊಟ್ಟು ಎಚ್ಚರದಲ್ಲಿರುವವರಿಗಲ್ಲ. ಲಿವರ್ ಕಾಯಿಲೆಯಿಂದ ಅನ್ನನಾಳದ ರಕ್ತನಾಳಗಳು ಉಬ್ಬಿದ್ದರೆ, ಅನ್ನನಾಳ ಕಿರಿದಾಗಿದ್ದರೆ, ಅಲ್ಲಿ ಗಾಯವಿದ್ದರೆ ಹಾಕಬಾರದು. ಹಳೆಯ ಫೈಲ್ ತಂದಿಲ್ಲ ಎಂದರೆ ಮನೆಯವರನ್ನು ಕೇಳಿ, ‘ರಕ್ತ ವಾಂತಿ ಆಗಿತ್ತಾ? ನುಂಗಲು ಕಷ್ಟ ಇತ್ತಾ?’

ದೊಡ್ಡವರಿಗೆ ಸಾಮಾನ್ಯವಾಗಿ 18 ಅಥವಾ 24 ಫ್ರೆಂಚ್ ಅಳತೆ (ನಳಿಕೆಯ ದಪ್ಪ ಹೇಳುವ ಅಳತೆ), ಮಕ್ಕಳಿಗೆ 9 ಅಥವಾ 12. ಬಲೂನ್ ಹರಿದಿಲ್ಲ ಎಂದು ಖಚಿತಪಡಿಸಿಕೊಳ್ಳಿ. ತುದಿಗೆ ಜೆಲ್ಲಿ ಸವರಿ, ಬಾಯಿಯ ಮೂಲಕ, ನಾಲಗೆಯ ಹಿಂದಿನಿಂದ ಮೆಲ್ಲಗೆ ಇಳಿಸಿ. ತಡೆ ಸಿಕ್ಕಿದರೆ ಒತ್ತಬೇಡಿ. ಹಿಂದಕ್ಕೆ ತೆಗೆದು ಮತ್ತೆ ಪ್ರಯತ್ನಿಸಿ. ನಳಿಕೆ ಕೆಲವೊಮ್ಮೆ ಶ್ವಾಸನಾಳದ ಕಡೆಗೆ ಜಾರಬಹುದು. ಆಗ ಉಸಿರಿನ ಟ್ಯೂಬಿನ ಕಫ್ (ಗಾಳಿ ಸೋರದಂತೆ ತಡೆಯುವ ಬಲೂನು) ಪಕ್ಕದಿಂದ ಗಾಳಿ ಸೋರುತ್ತದೆ, ವೆಂಟಿಲೇಟರಿಗೆ ವಾಪಸ್ ಬರುವ ಗಾಳಿ ಕಡಿಮೆಯಾಗುತ್ತದೆ. ಕೂಡಲೇ ಹೊರತೆಗೆಯಿರಿ.

ದೊಡ್ಡವರಲ್ಲಿ ಎದುರು ಹಲ್ಲಿನಿಂದ ಸುಮಾರು 28ರಿಂದ 32 ಸೆಂಟಿಮೀಟರ್ ಒಳಗೆ ಹೋದಾಗ ತುದಿ ಹೃದಯದ ಹಿಂಬದಿಗೆ ಬರುತ್ತದೆ. ಆದರೆ ಅಳತೆಯನ್ನು ಅತಿಯಾಗಿ ನಂಬಬೇಡಿ. ಕಿವಿಗೆ ಹಾಕಿಕೊಂಡು ಒಂದೊಂದೇ ಸೆಂಟಿಮೀಟರ್ ಸರಿಸಿ. ಹೃದಯವೂ ಉಸಿರೂ ಎರಡೂ ಜೋರಾಗಿ ಕೇಳುವ ಜಾಗವೇ ಸರಿಯಾದ ಜಾಗ. ಅಲ್ಲಿ ಟೇಪ್ ಹಾಕಿ. ಆ ಗಡಿಬಿಡಿಯಲ್ಲಿ ಉಸಿರಿನ ಟ್ಯೂಬ್ ಅಲುಗಾಡಿಲ್ಲ ಅಲ್ವಾ ಎಂದು ಮತ್ತೊಮ್ಮೆ ನೋಡಿ.

ಇನ್ನು ಕೇಳುವ ಕೆಲಸ. ಮೊದಲ ಕೆಲವು ನಿಮಿಷ ಆ ರೋಗಿಯ ಸಹಜ ಸದ್ದನ್ನು ಕಿವಿಗೆ ರೂಢಿ ಮಾಡಿಕೊಳ್ಳಿ. ಮುಂದೆ ಬದಲಾವಣೆ ಗೊತ್ತಾಗುವುದು ಇದರಿಂದಲೇ. ಹೃದಯದ ಸದ್ದು ಕ್ರಮೇಣ ಸಣ್ಣಗಾದರೆ ರಕ್ತದ ಒತ್ತಡ ಇಳಿಯುತ್ತಿರಬಹುದು. ತೋಳಿನ ಪಟ್ಟಿ ಮತ್ತೆ ಉಬ್ಬುವುದಕ್ಕೆ ಕಾಯದೆ ಬಿಪಿ ನೋಡಿ. ಸಿಳ್ಳಿನಂಥ ಸದ್ದು ಬಂದರೆ ಶ್ವಾಸನಾಳಗಳು ಬಿಗಿಯುತ್ತಿವೆ ಎಂಬ ಸೂಚನೆ. ಉಸಿರಿನ ಸದ್ದು ತಟ್ಟನೆ ನಿಂತರೆ ಸರ್ಕ್ಯೂಟ್ (ವೆಂಟಿಲೇಟರಿನಿಂದ ಉಸಿರಿನ ಟ್ಯೂಬಿಗೆ ಬರುವ ಕೊಳವೆ) ಕಳಚಿದೆಯೋ ನೋಡಿ. ಅರ್ಧ ನೀರಿರುವ ಬಾಟಲಿಯನ್ನು ಕುಲುಕಿದ ಹಾಗೆ ಕೇಳಿಸಿದರೆ ರಕ್ತನಾಳಕ್ಕೆ ಗಾಳಿ ಹೋಗಿರಬಹುದು. ಆ ಸದ್ದು ಬರುವಾಗಲೇ ತಡವಾಗಿರುತ್ತದೆ. ಸರ್ಜನ್‌ಗೆ ಗಟ್ಟಿಯಾಗಿ ಹೇಳಿ.

ಹೆಚ್ಚಿನ ನಳಿಕೆಗಳ ತುದಿಯಲ್ಲಿ ಉಷ್ಣತೆ ಅಳೆಯುವ ಸೆನ್ಸರ್ ಕೂಡ ಇರುತ್ತದೆ. ನನಗೆ ಇದು ಬಹಳ ಮುಖ್ಯ ಅನಿಸುತ್ತದೆ. ಹೊರಗೆ ಮೇ ತಿಂಗಳ ಸೆಕೆಗೆ ಅಂಗಿ ಒದ್ದೆಯಾಗುವ ಮಂಗಳೂರಿನಲ್ಲೂ ಏಸಿ ಥಿಯೇಟರಿನಲ್ಲಿ ಮಲಗಿದವರ ಮೈ ತಣ್ಣಗಾಗುತ್ತದೆ. ಅರಿವಳಿಕೆ ರಕ್ತನಾಳಗಳನ್ನು ಸಡಿಲಿಸುತ್ತದೆ, ಒಳಗಿನ ಬಿಸಿ ಕೈಕಾಲಿಗೆ ಹರಿಯುತ್ತದೆ. ಮೊದಲ ಒಂದು ಗಂಟೆಯಲ್ಲೇ ದೇಹದ ಒಳಗಿನ ಉಷ್ಣತೆ ಒಂದು ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಇಳಿಯಬಹುದು. 36 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ರಕ್ತಸ್ರಾವ ಹೆಚ್ಚುತ್ತದೆ, ಗಾಯಕ್ಕೆ ಸೋಂಕು ತಗಲುವ ಸಾಧ್ಯತೆ ಏರುತ್ತದೆ, ಎಚ್ಚರವಾಗುವುದು ತಡವಾಗುತ್ತದೆ. ಅಂಕಿ ಇಳಿಯತೊಡಗಿದ ಕೂಡಲೇ ಬಿಸಿಗಾಳಿಯ ಹೊದಿಕೆ ಹಾಕಿ, ಡ್ರಿಪ್ ಬೆಚ್ಚಗಿರಲಿ.

ಇದರಿಂದ ಆಗದ್ದೂ ಇದೆ. ಉಸಿರಿನ ಟ್ಯೂಬ್ ಒಂದೇ ಶ್ವಾಸಕೋಶಕ್ಕೆ ಹೋಗಿದ್ದರೂ ನಳಿಕೆ ಎದೆಯ ನಡುವೆ ಇರುವುದರಿಂದ ಉಸಿರು ಚೆನ್ನಾಗಿಯೇ ಕೇಳಿಸಬಹುದು. ಎರಡೂ ಕಡೆ ಎದೆಯ ಮೇಲೆ ಮಾಮೂಲಿ ಸ್ಟೆತಸ್ಕೋಪ್ ಇಟ್ಟು ನೋಡಲೇಬೇಕು. ಆಮ್ಲಜನಕ ಎಷ್ಟಿದೆ ಎಂದೂ ಇದು ಹೇಳದು. ಪಲ್ಸ್ ಆಕ್ಸಿಮೀಟರ್, ಹೊರಬರುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್ ಜೊತೆಗಿರಲೇಬೇಕು. ಆದರೆ ಪರದೆಯ ಅಂಕಿ ವಿಚಿತ್ರವಾಗಿ ಕಂಡಾಗ ಕೆಟ್ಟಿರುವುದು ಯಂತ್ರವೋ, ತೊಂದರೆಯಲ್ಲಿರುವುದು ರೋಗಿಯೋ ಎಂದು ತಿಳಿಯಲು ಕಿವಿಯಲ್ಲಿನ ಸದ್ದು ಬಹಳ ಸಹಾಯ ಮಾಡುತ್ತದೆ.

ರೋಗಿ ಎಚ್ಚರಗೊಳ್ಳುವ ಮೊದಲೇ ನಳಿಕೆ ತೆಗೆಯಿರಿ, ತುದಿಯಲ್ಲಿ ರಕ್ತವಿದೆಯೇ ನೋಡಿ. ಒಮ್ಮೆ ಬಳಸಿ ಬಿಸಾಡುವ ನಳಿಕೆಯಾದ್ದರಿಂದ ಅದು ಕೆಂಪು ಚೀಲಕ್ಕೆ ಹೋಗಬೇಕು. ಮರುದಿನ ಗಂಟಲು ಸ್ವಲ್ಪ ಕೆರೆಯುವುದು ಸಹಜ ಎಂದು ಮನೆಯವರಿಗೆ ತಿಳಿಸಿ. ನುಂಗಲು ಆಗದಿದ್ದರೆ, ಎದೆ ನೋವು ಬಂದರೆ, ಉಗುಳಿನಲ್ಲಿ ರಕ್ತ ಕಂಡರೆ ಮಾತ್ರ ತಡಮಾಡದೆ ವಾರ್ಡಿನ ಸಿಸ್ಟರ್‌ಗೆ ಹೇಳಲಿ.