ಹಳೆಯ ಫೋಟೊಗಳ ಸ್ಕ್ಯಾನಿಂಗ್: ರಾಯಚೂರಿನಲ್ಲಿ ನಾವು ಹಾಕಿಕೊಂಡ ಲೆಕ್ಕ

ಮೊದಲ ಮೂರು ವಾರ ಸ್ಕ್ಯಾನರಿನ ಪ್ಲಗ್ಗೂ ಹಾಕಲಿಲ್ಲ, ಬರೀ ಎಣಿಕೆ. ಪ್ರತಿ ಪ್ರಿಂಟಿನ ಹಿಂದೆ, ಅಂಚಿನಲ್ಲಿ, 2ಬಿ ಪೆನ್ಸಿಲಿನಿಂದ ಹಗುರಾಗಿ ಕ್ರಮಸಂಖ್ಯೆ. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಗೀರು ಮುಂಭಾಗದ ಚಿತ್ರದಲ್ಲೂ ಉಬ್ಬಿ ಕಾಣುತ್ತದೆ. ಗಾಜಿನ ನೆಗೆಟಿವ್ ಮೇಲೆ ಏನನ್ನೂ ಬರೆಯಬಾರದು, ಸಂಖ್ಯೆ ಅದರ ಲಕೋಟೆಗೆ. ವಿನೆಗರ್ ವಾಸನೆ ಬರುವ ಫಿಲ್ಮನ್ನು ಬೇರೆ ಡಬ್ಬಿಗೆ ಹಾಕಿ ಅದನ್ನೇ ಮೊದಲು ಸ್ಕ್ಯಾನ್ ಮಾಡಿದೆವು. ಅದು ಮುದುಡುತ್ತಲೇ ಹೋಗುತ್ತದೆ.

ಆಮೇಲೆ ಎಲ್ಲ ಬಗೆಯವೂ ಸೇರಿ 50 ಆರಿಸಿ, ಸ್ಕ್ಯಾನಿನಿಂದ ವಿವರ ಬರೆಯುವವರೆಗೆ ಗಡಿಯಾರ ಹಿಡಿದು ನೋಡಿದೆವು. ದಿನಕ್ಕೆ 60 ಪ್ರಿಂಟ್, ಇಲ್ಲವೇ 25 ಗಾಜು. ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಸ್ಕ್ಯಾನಿಗಿಂತ ವಿವರಕ್ಕೇ ಹೆಚ್ಚು ಹೊತ್ತು. ಬಜೆಟ್ ಬರೆಯುವವರು ಇದನ್ನೇ ಮರೆಯುತ್ತಾರೆ.

ಪ್ರಿಂಟುಗಳಿಗೆ 600 ಪಿಪಿಐ, ಅಂದರೆ ಇಂಚಿಗೆ 600 ಪಿಕ್ಸೆಲ್ (ಚಿತ್ರದ ಚುಕ್ಕೆ). ಕಪ್ಪು-ಬಿಳುಪಾದರೂ ಬಣ್ಣದಲ್ಲೇ, ಯಾಕೆಂದರೆ ಕಂದು ಛಾಯೆ, ಕಲೆ, ಪೆನ್ಸಿಲ್ ಗುರುತು ಎಲ್ಲವೂ ದಾಖಲೆಯೇ. ಹಾಫ್ ಪ್ಲೇಟ್ ಎಂಬ ಅಳತೆಯ ಗಾಜಿನ ನೆಗೆಟಿವ್ 4¾×6½ ಇಂಚು. 1200 ಪಿಪಿಐಗೆ 5700×7800 ಪಿಕ್ಸೆಲ್. 16 ಬಿಟ್ ಗ್ರೇ (ಬೂದು ಛಾಯೆಗಳ) ಟಿಫ್ ಫೈಲ್ ಆದರೆ ಒಂದಕ್ಕೆ ಸುಮಾರು 89 ಎಂಬಿ, ಸಾವಿರಕ್ಕೆ 89 ಜಿಬಿ. ಅದರ ಮೂರು ಪ್ರತಿ, ಒಂದು ಬೇರೆ ಕಟ್ಟಡದಲ್ಲಿ. ಫೈಲ್ ಹೆಸರು ಅಂಕಿಗಳಲ್ಲೇ: 0412-1 ಮುಂಭಾಗ, 0412-2 ಹಿಂಭಾಗ.

ಗಾಜಿನ ನೆಗೆಟಿವಿನ ನುಣುಪು ಬದಿ ಸ್ಕ್ಯಾನರಿನ ಗಾಜಿಗೆ ತಾಗಿದರೆ ಕಾಮನಬಿಲ್ಲಿನಂಥ ಉಂಗುರ ಬೀಳುತ್ತವೆ. ಅಂಚಿಗೆ ಮೌಂಟ್ ಬೋರ್ಡಿನ ಚೌಕಟ್ಟು ಕೊಟ್ಟು ಸ್ವಲ್ಪ ಎಬ್ಬಿಸಿದೆವು. ಫೋಕಸ್ ತಪ್ಪಿದೆಯೇ ಎಂದು ಪರದೆಯ ಮೇಲೆ 100%ಗೆ ಹಿಗ್ಗಿಸಿ ನೋಡಲೇಬೇಕು. ಹತ್ತಿಯ ಕೈಗವಸಿನಲ್ಲಿ ಗಾಜು ಜಾರುತ್ತದೆ, ನೈಟ್ರೈಲ್ (ಕೃತಕ ರಬ್ಬರ್) ಕೈಗವಸು ಒಳ್ಳೆಯದು. ಬೇಸಿಗೆಯಲ್ಲಿ ಎಷ್ಟೇ ಸೆಕೆ ಇದ್ದರೂ ಫ್ಯಾನ್ ಬಂದ್. ಹಾರುವ ಧೂಳೆಲ್ಲ ನೆಗೆಟಿವ್ ಮೇಲೆ ಬಿಳಿ ಚುಕ್ಕೆಯಾಗಿ ಕೂರುತ್ತದೆ. ಫ್ರೇಮಿನ ಗಾಜಿಗೆ ಅಂಟಿದ ಪ್ರಿಂಟನ್ನು ಕೀಳಲು ಹೋಗದೆ, ಎರಡೂ ಕಡೆ 45 ಡಿಗ್ರಿಯಲ್ಲಿ ಲೈಟ್ ಇಟ್ಟು ಗಾಜಿನ ಮೇಲಿಂದಲೇ ಕ್ಯಾಮೆರಾದಲ್ಲಿ ತೆಗೆದೆವು. ಆಲ್ಬಮ್‌ಗಳಿಗೂ ಕ್ಯಾಮೆರಾವೇ, ಸ್ಕ್ಯಾನರಿನ ಮೇಲೆ ಬೋರಲು ಹಾಕಿದರೆ ಆಲ್ಬಮ್ಮಿನ ಬೆನ್ನು ಮುರಿಯುತ್ತದೆ.

ನಿಜವಾದ ಗೋಜಲು ಹಿಂಭಾಗದ ಬರಹದಲ್ಲಿ. ರಾಯಚೂರು ನಿಜಾಮರ ಹೈದರಾಬಾದಿಗೆ ಸೇರಿದ್ದ ಕಾಲದ ಪ್ರಿಂಟುಗಳಲ್ಲಿ ಉರ್ದು ಒಕ್ಕಣೆ, ಫಸಲಿ ವರ್ಷ (ಅಲ್ಲಿನ ಕಂದಾಯ ಲೆಕ್ಕದ ವರ್ಷ). ಫಸಲಿಗೆ 590 ಕೂಡಿಸಿದರೆ ಇಸವಿ: ಫಸಲಿ 1340 ಅಂದರೆ 1930-31. ಅದನ್ನೇ ಹಿಜರಿ (ಇಸ್ಲಾಮಿ ಪಂಚಾಂಗದ ವರ್ಷ) ಎಂದು ಓದಿದರೆ 1921-22 ಆಗಿ ಒಂಬತ್ತು ವರ್ಷ ಹಿಂದೆ ಹೋಗುತ್ತದೆ. ಆದ್ದರಿಂದ ಬರೆದದ್ದನ್ನು ಇದ್ದಂತೆಯೇ ಒಂದು ಕಾಲಮ್ಮಿನಲ್ಲಿ, ನಮ್ಮ ಲೆಕ್ಕವನ್ನು ಇನ್ನೊಂದರಲ್ಲಿ ಇಟ್ಟೆವು. 1953ರವರೆಗೆ ಮದರಾಸಿಗೆ ಸೇರಿದ್ದ ಬಳ್ಳಾರಿ ಕಡೆಯವುಗಳಲ್ಲಿ ಇಂಗ್ಲಿಷ್, ಊರಿನ ಹೆಸರು ‘ಬೆಲ್ಲಾರಿ’. ಹುಡುಕುವವರಿಗೆ ಎರಡೂ ರೂಪ ಸಿಗುವಂತೆ ತುಂಬಬೇಕು. ಹಳೆಯ ಉರ್ದು ಕೈಬರಹ ಓದಬಲ್ಲ ಹಿರಿಯರನ್ನು ವಾರಕ್ಕೊಮ್ಮೆ ಕರೆಸುತ್ತಿದ್ದೆವು. ಅವರ ಕೈಗೆ ಮೂಲ ಕೊಡದೆ, ಹಿಂಭಾಗದ ಸ್ಕ್ಯಾನನ್ನೇ ಪರದೆಯಲ್ಲಿ ದೊಡ್ಡದು ಮಾಡಿ ತೋರಿಸಿದೆವು. ಮಾಸಿದ ಶಾಯಿ ಅಲ್ಲಿ ಇನ್ನೂ ಚೆನ್ನಾಗಿ ಕಾಣುತ್ತಿತ್ತು.